ಉತ್ತರದ ಪುಟಗಳನ್ನು ಕತ್ತರಿಸಿದವರು

ಅವರು ತೀರಿಕೊಂಡ ದಿನ ರಾಜಾಜಿನಗರದ ಚೆಸ್ ಆಟಗಾರರ ವಾಟ್ಸಾಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳೇ. 'ಮಹಾನ್ ಗುರು', 'ನೂರಾರು ಮಕ್ಕಳಿಗೆ ದಾರಿ ತೋರಿಸಿದ ಜೀವ', 'ಅಜಾತಶತ್ರು' ಎಂದೆಲ್ಲ ಬರೆದಿದ್ದರು. ಅಜಾತಶತ್ರು ಎಂಬ ಪದದ ಮೇಲೆ ನನ್ನ ಕಣ್ಣು ನಿಂತಿತು. ಅದು ಸುಳ್ಳು. ನಾನಿದ್ದೆ. ಒಂಬತ್ತು ವರ್ಷ ಒಂದು ದಿನವೂ ತಪ್ಪದೆ ಅವರ ಶತ್ರುವಾಗಿ ಬದುಕಿದವಳು ನಾನು.

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಯಜಮಾನರು ನನ್ನ ಮುಖ ನೋಡಿ, "ಹೋದ್ರಲ್ಲ, ಇನ್ನಾದ್ರೂ ಬಿಟ್ಬಿಡೇ" ಅಂದರು. ಬಿಡಲು ಆಗಲಿಲ್ಲ. ಎಲ್ಲರೂ ಬರೆದ ಮನುಷ್ಯ ಒಬ್ಬರು. ನನಗೆ ಗೊತ್ತಿದ್ದವರು ಇನ್ನೊಬ್ಬರು. ಆ ಇನ್ನೊಬ್ಬರ ಬಗ್ಗೆ ಯಾರೂ ಬರೆಯುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅವರ ಮಗಳು ಒಳ್ಳೆಯವಳು.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಒಂದು ಟ್ರಸ್ಟಿನವರು ನಡೆಸುವ ಗ್ರಂಥಾಲಯ. ಬಸವೇಶ್ವರನಗರದಲ್ಲಿ ಒಂದು ಶಾಖೆ, ಕೆಂಗೇರಿಯಲ್ಲಿ ಇನ್ನೊಂದು. ಆಗ ನಾನು ಬಸವೇಶ್ವರನಗರದಲ್ಲಿದ್ದೆ. ಕುರುಬರಹಳ್ಳಿಯ ನಮ್ಮ ಮನೆಯಿಂದ ನಡೆದೇ ಹೋಗಬಹುದಿತ್ತು. ನಾನು ಬೀಗ ತೆಗೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ಬಿಳಿಯ ತುಂಬುತೋಳಿನ ಅಂಗಿ, ತೋಳಿಗೆ ಸರಿಯಾಗಿ ಎರಡು ಮಡಿಕೆ, ನುಣ್ಣಗೆ ಬೋಳಿಸಿದ ಗಲ್ಲ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ರಾಜಾಜಿನಗರದ ತಮ್ಮ ಮನೆಯ ಮಹಡಿಯ ಮೇಲೆ ಚೆಸ್ ಕ್ಲಾಸು ನಡೆಸುತ್ತಿದ್ದರು. ಎಲ್ಲರಿಗೂ ಅವರು ಕೋಚ್ ಸಾರ್. ನನಗೂ.

ಅವರು ಪುಸ್ತಕ ಆರಿಸುವುದನ್ನು ನೋಡುವುದೇ ಒಂದು ಚಂದವಾಗಿತ್ತು. ಇದನ್ನು ಒಪ್ಪಿಕೊಳ್ಳದಿದ್ದರೆ ನಾನೂ ಸುಳ್ಳಿಯಾಗುತ್ತೇನೆ. ಮುನ್ನುಡಿ ನೋಡುತ್ತಿರಲಿಲ್ಲ, ಬೆನ್ನುಡಿ ನೋಡುತ್ತಿರಲಿಲ್ಲ. ನಡುವಿನ ಯಾವುದೋ ಪುಟ ತೆರೆದು, ಅಲ್ಲಿರುವ ಚೆಸ್ ಬೋರ್ಡಿನ ಚಿತ್ರದ ಪಕ್ಕ ಹೆಬ್ಬೆರಳಿಟ್ಟು, ಅಲ್ಲಾಡದೆ ನಿಲ್ಲುತ್ತಿದ್ದರು. ಒಮ್ಮೆ ಕೇಳಿದಾಗ ಹೇಳಿದರು:

"ನೋಡಿದ ತಕ್ಷಣ ಉತ್ತರ ಹೊಳೆದ್ಬಿಟ್ರೆ ಆ ಪುಸ್ತಕ ನಮಗೆ ಚಿಕ್ಕದು ಮೇಡಂ. ಹತ್ತು ನಿಮಿಷ ಆದ್ರೂ ಹೊಳೀಲಿಲ್ಲ ಅಂದ್ರೆ ದೊಡ್ಡದು. ಒಂದೆರಡು ನಿಮಿಷ ತಲೆ ಕೆರ್ಕೊಂಡು, ಆಮೇಲೆ 'ಓ' ಅನ್ನಿಸ್ಬೇಕು. ಅದು ನಮ್ಮ ಅಳತೆ."

ಇಷ್ಟು ಬಲ್ಲ ಮನುಷ್ಯ ಮುಂದೆ ಮಾಡಿದ್ದನ್ನು ತಿಳಿಯದೆ ಮಾಡಿದರೆಂದು ಯಾರೂ ಹೇಳಲಾಗದು. ನನ್ನ ಸಿಟ್ಟಿನ ಬೇರು ಇರುವುದು ಅಲ್ಲಿಯೇ.

ಒಂದು ಬೇಸಿಗೆಯಲ್ಲಿ ಟ್ರಸ್ಟಿನ ಕಾರ್ಯದರ್ಶಿಗಳು, ಮಕ್ಕಳು ಚೆಸ್ ಪುಸ್ತಕ ಕೇಳುತ್ತಾರಂತೆ, ಒಂದು ಕಪಾಟು ತುಂಬುವಷ್ಟು ತರಿಸಿ ಎಂದರು. ನನಗೆ ಚೆಸ್ಸಿನ ಗಂಧಗಾಳಿ ಇರಲಿಲ್ಲ. ಕೋಚ್ ಸಾರ್ ಅವರನ್ನೇ ಕೇಳಿದೆ. ಮಾರನೆಯ ದಿನವೇ ಇಂಕ್ ಪೆನ್ನಿನಲ್ಲಿ ಮುತ್ತಿನಂತೆ ಬರೆದ ಹನ್ನೆರಡು ಪುಸ್ತಕಗಳ ಪಟ್ಟಿ ತಂದುಕೊಟ್ಟರು.

"ಇಷ್ಟು ಬಂದ್ರೆ ನಿಮ್ಮ ಶಾಖೆ ಹತ್ರ ಬೆಂಗಳೂರಲ್ಲಿ ಯಾರೂ ಬರಕ್ಕಾಗಲ್ಲ, ಮೇಡಂ."

ಹನ್ನೆರಡೂ ದಪ್ಪ ಪುಸ್ತಕಗಳು. ಎಲ್ಲವೂ ಓಪನಿಂಗಿನವು, ಅಂದರೆ ಆಟದ ಮೊದಲ ಹತ್ತು ಹದಿನೈದು ನಡೆಗಳನ್ನು ಹೇಗೆ ನಡೆಸಬೇಕು ಎಂಬುದರ ಮೇಲಿನವು. ಪುಟದ ತುಂಬ ಅಕ್ಷರ ಮತ್ತು ಅಂಕಿ, ವಿವರಣೆ ಎಲ್ಲೋ ಒಂದು ಸಾಲು. ಮಕ್ಕಳು ಆಸೆಯಿಂದ ತೆಗೆದುಕೊಂಡು ಹೋಗಿ ಎರಡು ದಿನಕ್ಕೆ ವಾಪಸು ತರುತ್ತಿದ್ದರು. "ತಲೆಬುಡ ಅರ್ಥ ಆಗಲ್ವಂತೆ ಆಂಟಿ, ಚೆಸ್ಸೇ ಬೇಡ ಅಂತಿದಾನೆ" ಎಂದು ಒಬ್ಬ ತಾಯಿ ಹೇಳಿದಾಗ, ಪಕ್ಕದ ಮೇಜಿನಿಂದ ಅವರು ತಲೆಯೆತ್ತಿದರು. "ಪುಸ್ತಕ ಎಲ್ಲಾ ಹಾಗೇನಮ್ಮ. ಹೇಳ್ಕೊಡೋರು ಬೇಕು. ಭಾನುವಾರ ಮಹಡಿ ಮೇಲೆ ಕರ್ಕೊಂಡ್ ಬನ್ನಿ." ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ. ಆ ತಾಯಿಗೆ ಅವರ ಮನೆಯ ದಾರಿಯನ್ನು ಚೀಟಿಯಲ್ಲಿ ಬರೆದುಕೊಟ್ಟವಳೂ ನಾನೇ.

ನಮ್ಮಲ್ಲಿ ಮೊದಲಿನಿಂದ ಇದ್ದ ಚೆಸ್ ಪುಸ್ತಕಗಳು ಮೂರೇ ಮೂರು. ಅದರಲ್ಲಿ ಒಂದು, ಯಾರೋ ದಾನ ಕೊಟ್ಟ ತೆಳ್ಳನೆಯ ಹಳೆಯ ಪುಸ್ತಕ. ಒಂದು ನಡೆಯಲ್ಲಿ ಚೆಕ್‌ಮೇಟ್, ಎರಡು ನಡೆಯಲ್ಲಿ ಚೆಕ್‌ಮೇಟ್, ಬರೀ ರಾಜ ಮತ್ತು ಕಾಲಾಳು ಉಳಿದಾಗ ಏನು ಮಾಡಬೇಕು, ಇಂಥ ಸಣ್ಣ ಸಣ್ಣ ಲೆಕ್ಕಗಳು. ಹಿಂದಿನ ಪುಟಗಳಲ್ಲಿ ಉತ್ತರ. ಅದನ್ನು ಅವರು ಪದೇ ಪದೇ ಮನೆಗೆ ಒಯ್ಯುತ್ತಿದ್ದರು. ದೊಡ್ಡ ಆಟಗಾರರಿಗೆ ಈ ಚಿಕ್ಕ ಪುಸ್ತಕ ಯಾಕೆ ಎಂಬ ಪ್ರಶ್ನೆ ನನಗೆ ಬರಬೇಕಿತ್ತು. ಬರಲಿಲ್ಲ.

ಆ ವರ್ಷದ ತಪಾಸಣೆಗೆ ಕಾರ್ಯದರ್ಶಿಗಳು ಬಂದರು. ಶಾಖೆಯ ಮೇಲ್ವಿಚಾರಕಿ ಹುದ್ದೆ ನನಗೇ ಎಂದು ಹಿಂದಿನ ತಿಂಗಳಷ್ಟೇ ಮಾತು ಕೊಟ್ಟಿದ್ದರು. ಹೊಸ ಚೆಸ್ ಕಪಾಟು ತೋರಿಸೋಣವೆಂದು ನಾನೇ ಉತ್ಸಾಹದಿಂದ ಕರೆದುಕೊಂಡು ಹೋದೆ. ಅವರ ಕೈ ಆ ತೆಳ್ಳನೆಯ ಪುಸ್ತಕಕ್ಕೇ ಹೋಯಿತು. ತೆರೆದರು. ಉತ್ತರದ ಪುಟಗಳೇ ಇರಲಿಲ್ಲ. ಹರಿದದ್ದಲ್ಲ, ಹೊಲಿಗೆಯ ಅಂಚಿಗೆ ಬ್ಲೇಡಿಟ್ಟು ನಾಜೂಕಾಗಿ ಕತ್ತರಿಸಿದ್ದು. ಇನ್ನೆರಡು ಹಳೆಯ ಪುಸ್ತಕಗಳಲ್ಲೂ ಹಾಗೇ.

"ಏನಮ್ಮ ಇದು? ನೀವು ಇಲ್ಲಿ ಕೂತು ಏನು ನೋಡ್ಕೊಳ್ತೀರಿ?" ಎಂದು ಅವರು ದನಿ ಎತ್ತಿದರು. ಓದುತ್ತಿದ್ದವರೆಲ್ಲ ತಿರುಗಿದರು. ನಾನು ತಬ್ಬಿಬ್ಬಾಗಿ, ಎಂದಿನಂತೆ ತಮ್ಮ ಮೇಜಿನಲ್ಲಿ ಕೂತಿದ್ದ ಕೋಚ್ ಸಾರ್ ಕಡೆ ನೋಡಿದೆ. ನನ್ನ ಪರವಾಗಿ ಒಂದು ಮಾತು ಹೇಳುತ್ತಾರೆಂಬ ಆಸೆ. ಅವರು ಕನ್ನಡಕ ತೆಗೆದು, ಮಡಿಸಿ, ಎದ್ದು ಬಂದರು.

"ಹೇಳ್ಬಾರ್ದು ಅಂತಿದ್ದೆ ಸಾರ್. ಮೇಡಂ ಸದಾ ಫೋನ್ ನೋಡ್ತಾ ಕೂತಿರ್ತಾರೆ. ಯಾರು ಬಂದು ಏನು ಕಿತ್ಕೊಂಡು ಹೋದ್ರೂ ಗೊತ್ತಾಗಲ್ಲ ಅವರಿಗೆ."

ಕಾರ್ಯದರ್ಶಿಗಳು ಹೋದ ಮೇಲೆ ಅವರ ಮೇಜಿನ ಎದುರು ಹೋಗಿ ನಿಂತೆ. "ನಾನು ಫೋನ್ ನೋಡ್ತಾ ಕೂತಿದ್ದನ್ನ ಯಾವತ್ತು ನೋಡಿದ್ರಿ ಸಾರ್?" ಎಂದೆ. ಅವರು ಪುಟದಿಂದ ಕಣ್ಣು ಕೀಳದೆ, "ಬೇಜಾರು ಮಾಡ್ಕೋಬೇಡಿ ಮೇಡಂ. ಪುಸ್ತಕದ ವಿಷಯದಲ್ಲಿ ನನಗೆ ಸುಳ್ಳು ಹೇಳಕ್ಕೆ ಬರಲ್ಲ" ಅಂದರು.

ವಾರದೊಳಗೆ ನೋಟೀಸು ಬಂತು, ಅದರ ಹಿಂದೆಯೇ ಕೆಂಗೇರಿಗೆ ವರ್ಗಾವಣೆ. ಮೇಲ್ವಿಚಾರಕಿ ಹುದ್ದೆ ನನಗಿಂತ ಆರು ವರ್ಷ ಕಿರಿಯಳ ಪಾಲಾಯಿತು. ಆಗ ಕೆಂಗೇರಿಗೆ ಮೆಟ್ರೋ ಇರಲಿಲ್ಲ. ಎರಡು ಬಸ್ಸು, ಮೈಸೂರು ರಸ್ತೆಯ ಆ ಹೊಗೆ. ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ಅದು. ಬೆಳಿಗ್ಗೆ ಅವಳ ಜಡೆ ಹಾಕಲೂ ನನಗೆ ಪುರಸೊತ್ತು ಸಿಗುತ್ತಿರಲಿಲ್ಲ. ಅವಳು ಕೂದಲನ್ನು ಗಿಡ್ಡ ಮಾಡಿಸಿಕೊಂಡು ಬಂದು, "ಇನ್ನು ನಿಂಗೆ ತೊಂದ್ರೆ ಇಲ್ಲ ಬಿಡಮ್ಮ" ಅಂದ ದಿನ ನಾನು ಬಚ್ಚಲಿಗೆ ಹೋಗಿ ಅತ್ತೆ. ಆದರೆ ಆಗಲೂ ಪುಟ ಕತ್ತರಿಸಿದ್ದು ಕೋಚ್ ಸಾರ್ ಎಂಬ ಅನುಮಾನ ನನಗಿರಲಿಲ್ಲ. ಯಾರೋ ಕತ್ತರಿಸಿದರು, ಇವರು ಬಾಯಿ ಹಾಕಿದರು ಅಂದುಕೊಂಡಿದ್ದೆ.

ನಿಜ ತಿಳಿದದ್ದು ಮರುವರ್ಷ. ಕೆಂಗೇರಿ ಉಪನಗರದ ಚೈತ್ರಾ ಎಂಬ ಡಿಗ್ರಿ ಓದುವ ಹುಡುಗಿ ನಮ್ಮಲ್ಲಿಗೆ ಬರುತ್ತಿದ್ದಳು. ಮೊದಲು ರಾಜಾಜಿನಗರದಲ್ಲಿದ್ದವಳು, ಕೋಚ್ ಸಾರ್ ಬಳಿ ಮೂರು ವರ್ಷ ಕಲಿತವಳು. ಒಂದು ಮಧ್ಯಾಹ್ನ ಸ್ಪೈರಲ್ ಹಾಕಿಸಿದ ಜೆರಾಕ್ಸ್ ಪ್ರತಿಯೊಂದನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಕ್ಲಾಸಿಗೆ ಸೇರಿದವರಿಗೆಲ್ಲ ಸಾರ್ ಇದನ್ನು ಕೊಡುತ್ತಾರೆ, ಇದು ಹೊರಗೆಲ್ಲೂ ಸಿಗುವುದಿಲ್ಲವಂತೆ ಎಂದಳು. ಪುಟ ತಿರುವಿದೆ. ಅದೇ ತೆಳ್ಳನೆಯ ಪುಸ್ತಕ. ಹಿಂದೆ ಉತ್ತರಗಳು, ಒಂದೂ ಬಿಡದೆ.

ಗ್ರಂಥಾಲಯದವರಾದ ನಮ್ಮದೊಂದು ಪದ್ಧತಿಯಿದೆ. ಪುಸ್ತಕದ ಮೊದಲ ಪುಟಕ್ಕೆ ಹಾಕುವ ಮುದ್ರೆಯಲ್ಲದೆ, ಒಳಗೆಲ್ಲೋ ಒಂದು ಗುಟ್ಟಿನ ಪುಟಕ್ಕೂ ಮುದ್ರೆ ಒತ್ತಿ ಪುಸ್ತಕದ ಸಂಖ್ಯೆ ಬರೆಯುತ್ತೇವೆ. ಕದ್ದವರು ಮೊದಲ ಪುಟ ಹರಿದರೂ ಪುಸ್ತಕ ನಮ್ಮದೆಂದು ಗುರುತು ಸಿಗಲಿ ಎಂದು. ಬಸವೇಶ್ವರನಗರ ಶಾಖೆಯ ಗುಟ್ಟಿನ ಪುಟ ನೂರಾ ಹನ್ನೊಂದು. ಚೈತ್ರಾಳ ಪ್ರತಿಯಲ್ಲಿ ಆ ಪುಟ ಉತ್ತರಗಳ ನಡುವೆ ಇತ್ತು. ಮಸುಕಾದ ದುಂಡು ಮುದ್ರೆ. ಅದರ ಕೆಳಗೆ ಸಂಖ್ಯೆ. ಬರೆದ ಕೈ ನನ್ನದು.

ಕೂಡಲೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. "ಹಳೇ ವಿಷಯ ಈಗ್ಯಾಕೆ ಮೇಡಂ? ಅವರು ದೊಡ್ಡ ಮನುಷ್ಯರು. ನೀವೂ ಅಲ್ಲಿ ಹೊಂದ್ಕೊಂಡಿದೀರಲ್ಲ" ಅಂದರು. ಫೋನಿಟ್ಟೆ. ಆ ಮನುಷ್ಯನಿಗೆ ಮರ್ಯಾದೆ ಇರುವ ಜಾಗ ಒಂದೇ, ಅರವತ್ನಾಲ್ಕು ಮನೆಯ ಆ ಹಲಗೆ. ಅಲ್ಲಿಗೇ ಹೋಗಿ ಕೆಡವುತ್ತೇನೆ ಎಂದು ಅವತ್ತು ನಿಶ್ಚಯಿಸಿದೆ. ಆಗ ನನಗೆ ನಲವತ್ಮೂರು. ಕುದುರೆ ಹೇಗೆ ನಡೆಯುತ್ತದೆಂದೂ ಗೊತ್ತಿರಲಿಲ್ಲ.

ಕಾಯಿ ನಡೆಸಲು ಚೈತ್ರಾ ಕಲಿಸಿದಳು. ಪುಸ್ತಕದ ಆಯ್ಕೆಯಲ್ಲಿ ನಾನೂ ಎಲ್ಲರ ಹಾಗೆ ಮುಗ್ಗರಿಸಿದೆ. ದಪ್ಪ ಪುಸ್ತಕದಲ್ಲಿ ವಿದ್ಯೆ ಜಾಸ್ತಿ ಇರುತ್ತದೆಂದು ನಂಬಿ, ಕೆಂಗೇರಿಯಲ್ಲೂ ಇದ್ದ ಓಪನಿಂಗ್ ಪುಸ್ತಕವೊಂದನ್ನು ಎರಡು ತಿಂಗಳು ಉರುಹೊಡೆದೆ. ಚೈತ್ರಾ ಆರನೆಯ ನಡೆಯಲ್ಲೇ ಪುಸ್ತಕದಲ್ಲಿ ಇಲ್ಲದ್ದನ್ನು ಆಡಿದಳು. ಮುಂದೆ ಏನು ಮಾಡಬೇಕೆಂದು ತಿಳಿಯದೆ ಹದಿನಾಲ್ಕನೆಯ ನಡೆಗೆ ಸೋತೆ.

"ಆಂಟಿ, ನೀವು ಬಾಯಿಪಾಠ ಮಾಡಿದೀರ. ಯಾಕೆ ಆಡ್ತಿದೀರ ಅಂತ ಗೊತ್ತಿಲ್ಲ ನಿಮಗೆ."

ಆ ಸಂಜೆ ಕಪಾಟಿನ ಮುಂದೆ ನಿಂತು, ನನಗೆ ಬರುವ ಕೆಲಸವನ್ನೇ ಮಾಡಿದೆ. ಪ್ರತಿ ಪುಸ್ತಕದ ಮೊದಲ ಹಾಳೆಗೆ ಅಂಟಿಸಿದ ದಿನಾಂಕದ ಚೀಟಿ ನೋಡಿದೆ. ದಪ್ಪ ಪುಸ್ತಕಗಳ ಚೀಟಿಯಲ್ಲಿ ಒಂದೋ ಎರಡೋ ಮುದ್ರೆ, ಹೋದ ದಿನಕ್ಕೂ ಬಂದ ದಿನಕ್ಕೂ ಅಂತರವೇ ಇಲ್ಲ. ಮೂಲೆಯಲ್ಲಿದ್ದ ಎರಡು ಸಪೂರ ಪುಸ್ತಕಗಳ ಚೀಟಿ ತುಂಬಿ, ಅದರ ಮೇಲೆ ಇನ್ನೊಂದು ಅಂಟಿಸಿ, ಅದೂ ತುಂಬಿತ್ತು. ಅಂಚಿನಲ್ಲಿ ಎಣ್ಣೆ ಬೆರಳಿನ ಗುರುತು. ಮೊದಲನೆಯದು ಎರಡು-ಮೂರು ನಡೆಯ ಚೆಕ್‌ಮೇಟ್ ಲೆಕ್ಕಗಳದ್ದು. ಇನ್ನೊಂದು ಕೊನೆಯಾಟದ್ದು, ಹಲಗೆಯ ಮೇಲೆ ನಾಲ್ಕೈದೇ ಕಾಯಿ ಉಳಿದಾಗ ಗೆಲ್ಲುವುದು ಹೇಗೆಂದು ಹೇಳುವಂಥದ್ದು. ಅವೆರಡನ್ನು ಎತ್ತಿಕೊಂಡೆ. ಒಂದು ಪುಸ್ತಕ ಮೂರು ಸಲ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದೆಂದು ನನಗೆ ನಾನೇ ಕಟ್ಟಪ್ಪಣೆ ಹಾಕಿಕೊಂಡೆ. ಅವುಗಳಾದ ಮೇಲೆ, ಪ್ರತಿ ನಡೆಗೂ ಕಾರಣವನ್ನು ಮಾತಿನಲ್ಲಿ ವಿವರಿಸುವ ಆಟಗಳ ಪುಸ್ತಕ. ಓಪನಿಂಗ್ ಪುಸ್ತಕ ಎಲ್ಲಕ್ಕಿಂತ ಕಡೆಗೆ, ಅದೂ ತೆಳ್ಳಗಿನದು.

ಮೆಟ್ರೋ ಬಂದ ಮೇಲೆ ವಿಜಯನಗರದಿಂದ ಕೆಂಗೇರಿಯವರೆಗೆ ಸೀಟು ಸಿಕ್ಕರೆ ತೊಡೆಯ ಮೇಲೆ ಅಂಗೈಯಗಲದ ಅಯಸ್ಕಾಂತದ ಬೋರ್ಡು, ಸಿಗದಿದ್ದರೆ ಕಂಬಕ್ಕೆ ಒರಗಿ ಕಣ್ಣುಮುಚ್ಚಿ ಲೆಕ್ಕ. ಅಕ್ಕಪಕ್ಕದವರು ದೇವರ ಜಪ ಅಂದುಕೊಂಡಿರಬೇಕು. ನಾನು ಜಪಿಸುತ್ತಿದ್ದುದು ಒಂದೇ ಮುಖವನ್ನು, ಕನ್ನಡಕ ಮಡಿಸುತ್ತ ಎದ್ದು ಬಂದ ಆ ಮುಖವನ್ನು.

ಕಲಿಯುತ್ತ ಹೋದಂತೆ ಅವರು ಮಾಡಿದ್ದರ ಪೂರ್ತಿ ಆಳ ಕಂಡಿತು. ಆ ಹನ್ನೆರಡು ಪುಸ್ತಕಗಳ ಪಟ್ಟಿ ಅಲಕ್ಷ್ಯದಿಂದ ಮಾಡಿದ್ದಲ್ಲ. ಕಲಿಯುವವರ ಉತ್ಸಾಹವನ್ನು ಎರಡು ದಿನದಲ್ಲಿ ಕೊಲ್ಲುವಂಥವನ್ನೇ ಹುಡುಕಿ ಬರೆದಿದ್ದರು. ಗ್ರಂಥಾಲಯದಿಂದ ಸೋತು ಬರುವ ಮಕ್ಕಳು ನೇರವಾಗಿ ಅವರ ಮಹಡಿ ಹತ್ತಲಿ ಎಂದು. ಹಾಗಾಗಿ ನಾನೊಂದು ಪಟ್ಟಿ ಮಾಡಿದೆ. ಮೊದಲು ಯಾವುದು, ಆಮೇಲೆ ಯಾವುದು, ಯಾವುದನ್ನು ಮುಟ್ಟಲೇಬಾರದು, ಯಾಕೆ ಎಂದು ಸರಳವಾದ ಕನ್ನಡದಲ್ಲಿ ಬರೆದು ಕೆಂಗೇರಿಯ ಸೂಚನಾ ಫಲಕಕ್ಕೆ ಹಾಕಿದೆ. ಚೈತ್ರಾ ಅದರ ಫೋಟೋ ತೆಗೆದು ಗುಂಪುಗಳಿಗೆ ಕಳಿಸಿದಳು. ಭಾನುವಾರ ಬೆಳಿಗ್ಗೆ ನಮ್ಮ ಓದುಕೋಣೆಯಲ್ಲೇ ಬಂದವರಿಗೆಲ್ಲ ಪುಸ್ತಕ ಹಿಡಿದು ಆಡಲು ಕಲಿಸತೊಡಗಿದೆವು. ನಂದಿನಿ ಲೇಔಟಿನಿಂದಲೂ ಜನ ಬಂದರು. ಕೋಚ್ ಸಾರ್ ಕ್ಲಾಸು ಕರಗಿತು. ಭಾನುವಾರ ಸಂಜೆ ನಾನು ಸ್ಕೂಟರಿನಲ್ಲಿ ಬೇಕೆಂದೇ ರಾಜಾಜಿನಗರದ ಆ ರಸ್ತೆಯಲ್ಲಿ ಹೋಗಿ, ಅವರ ಮಹಡಿ ಮೆಟ್ಟಿಲ ಕೆಳಗಿನ ಚಪ್ಪಲಿಗಳನ್ನು ಎಣಿಸುತ್ತಿದ್ದೆ. ಒಂದು ಕಾಲಕ್ಕೆ ಮೂವತ್ತು ಜೊತೆ ಇರುತ್ತಿದ್ದವಂತೆ. ನಾಲ್ಕು ಜೊತೆ ಕಂಡ ದಿನ ಮನೆಗೆ ಬಂದು ಶಾವಿಗೆ ಪಾಯಸ ಮಾಡಿದೆ. ಯಾಕೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅವರೆದುರು ಕೂರುವ ದಿನ ಬಂದದ್ದು ವಿಜಯನಗರದ ಒಂದು ಕಲ್ಯಾಣಮಂಟಪದಲ್ಲಿ ನಡೆದ ಪಂದ್ಯಾವಳಿಯಲ್ಲಿ, ಮೂರನೆಯ ಸುತ್ತಿನಲ್ಲಿ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವರ ಹೆಸರಿನ ಎದುರು ನನ್ನ ಹೆಸರು. ಬಂದು ಕೂತು, ನನ್ನನ್ನು ನೋಡಿ, "ಓ, ಮೇಡಂ! ನೀವ್ಯಾವಾಗ ಶುರು ಮಾಡಿದ್ರಿ?" ಎಂದು ನಕ್ಕರು. ಅದೇ ಎರಡು ಮಡಿಕೆಯ ತೋಳು.

ಮೊದಲ ಇಪ್ಪತ್ತು ನಡೆ ನನ್ನನ್ನು ಹಿಂಡಿ ಹಾಕಿದರು. ಅವರ ಕೈ ಕಾಯಿಯನ್ನು ಎತ್ತುತ್ತಿರಲಿಲ್ಲ, ಕರೆದುಕೊಂಡು ಹೋಗುತ್ತಿತ್ತು. ಅಷ್ಟು ಚೆನ್ನಾಗಿ ಆಡುವ ಮನುಷ್ಯ ಅಷ್ಟು ಸಣ್ಣ ಕೆಲಸ ಮಾಡಿದ್ದು ನನಗೆ ಆಗಲೂ ಅರ್ಥವಾಗಲಿಲ್ಲ, ಇವತ್ತಿಗೂ ಆಗಿಲ್ಲ. ಆದರೆ ಅವರಿಗೆ ನನ್ನ ಮೇಲೆ ಅಸಡ್ಡೆ ಇತ್ತು. ಬೇಗ ಮುಗಿಸುವ ಆತುರದಲ್ಲಿ ಒಂದು ಕಾಲಾಳನ್ನು ಕಳೆದುಕೊಂಡರು. ನಾನು ಕಾಯಿಗಳನ್ನು ಒಂದೊಂದಾಗಿ ಕಡಿಸುತ್ತ ಹೋದೆ. ಕಡೆಗೆ ನನ್ನದು ರಾಜ, ಆನೆ, ಒಂದು ಕಾಲಾಳು. ಅವರದು ರಾಜ ಮತ್ತು ಆನೆ. ಸಪೂರ ಪುಸ್ತಕದಲ್ಲಿ ನಾನು ಸಾವಿರ ಸಲ ಕಂಡ ಚಿತ್ರ. ಅವರ ರಾಜನನ್ನು ಆಚೆಯೇ ತಡೆದು ನಿಲ್ಲಿಸಿ, ನನ್ನ ರಾಜನಿಗೆ ಆನೆಯನ್ನು ಮರೆ ಮಾಡಿ, ಕಾಲಾಳನ್ನು ಕಡೆಯ ಮನೆಗೆ ನಡೆಸಿದೆ. ಅವರು ಗಡಿಯಾರ ನಿಲ್ಲಿಸಿ ಕೈ ಚಾಚಿದರು.

"ಚೆನ್ನಾಗಿ ಆಡಿದ್ರಿ. ಯಾರು ಹೇಳ್ಕೊಟ್ಟಿದ್ದು?"

"ನೀವೇ ಸಾರ್. ಯಾವ ಪುಸ್ತಕ ಓದ್ಬಾರ್ದು ಅಂತ ಪಟ್ಟಿ ಕೊಟ್ಟಿದ್ರಲ್ಲ." ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದೆ. "ನೂರಾ ಹನ್ನೊಂದನೇ ಪುಟದಲ್ಲಿ ನಮ್ಮ ಮುದ್ರೆ ಇತ್ತು. ಜೆರಾಕ್ಸಲ್ಲಿ ಚೆನ್ನಾಗೇ ಬಂದಿದೆ."

ಅವರು ಸುತ್ತ ನೋಡಿದರು. ಪಕ್ಕದ ಬೋರ್ಡಿನವರು ಆಟ ನಿಲ್ಲಿಸಿ ನಮ್ಮತ್ತ ತಿರುಗಿದ್ದರು.

"ಉತ್ತರ ಕೈಗೆ ಸಿಕ್ರೆ ಮಕ್ಕಳು ಯೋಚ್ನೆ ಮಾಡಲ್ಲ ಮೇಡಂ. ಒಳ್ಳೇದಕ್ಕೇ ಮಾಡಿದ್ದು ನಾನು."

"ನಿಮ್ಮ ಕ್ಲಾಸಿನ ಮಕ್ಕಳಿಗೆ ಮಾತ್ರ ಯಾಕೆ ಹಂಚಿದ್ರಿ ಹಾಗಾದ್ರೆ? ನಾನು ಫೋನ್ ನೋಡ್ತಾ ಕೂತಿರ್ತೀನಿ ಅಂದ್ರಲ್ಲ, ಅದೂ ಒಳ್ಳೇದಕ್ಕೇನಾ?"

ಅವರು ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಮುಂದಿನ ಸುತ್ತಿಗೆ ನಿಲ್ಲದೆ ಮೆಟ್ಟಿಲಿಳಿದು ಹೋದರು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕ್ಷಮೆ ಕೇಳಿದ್ದರೆ ಆಗುತ್ತಿತ್ತೇನೋ.

ಎರಡು ವರ್ಷದ ಮೇಲೆ ಅವರಿಗೆ ಸ್ಟ್ರೋಕ್ ಆಯಿತೆಂದು ಚೈತ್ರಾ ಹೇಳಿದಳು. ರಾಜರಾಜೇಶ್ವರಿನಗರದ ಮಗಳ ಮನೆಗೆ ಬಂದಿದ್ದರಂತೆ. ಒಂದು ಬೆಳಿಗ್ಗೆ ಆ ಮಗಳೇ ಅವರ ತೋಳು ಹಿಡಿದು ನಮ್ಮ ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದಳು. ಅವರ ಬಲಗೈ ಜೋತುಬಿದ್ದಿತ್ತು. "ಅಪ್ಪಂಗೆ ಕಾಯಿ ನಡೆಸೋದು ನೆನಪಿದೆ ಮೇಡಂ, ಆದ್ರೆ ಎರಡು ನಡೆ ಆಗೋಷ್ಟರಲ್ಲಿ ಎಲ್ಲಾ ಕಲಸೋಗುತ್ತೆ. ಮತ್ತೆ ಮೊದಲಿಂದ ಕಲೀಲಿ ಅಂತ ಡಾಕ್ಟರ್ ಹೇಳಿದಾರೆ. ಅಪ್ಪಂಗೆ ಒಂದು ಪುಸ್ತಕ ಆರಿಸ್ಕೊಡ್ತೀರಾ?" ಎಂದಳು. ಅವರು ನನ್ನನ್ನು ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ಆ ಕಣ್ಣಿನಲ್ಲಿ ತಿಳಿಯಲಿಲ್ಲ.

ಯಾವುದು ಕೊಡಬೇಕೆಂದು ನನಗೆ ಗೊತ್ತಿತ್ತು. ಒಂದು ನಡೆಯ ಚೆಕ್‌ಮೇಟ್ ಪುಸ್ತಕ, ದಪ್ಪಕ್ಷರದ್ದು, ಕೈಗೆಟಕುವಲ್ಲೇ ಇತ್ತು. ನಾನು ಕಪಾಟಿನ ಮೇಲಿನ ಸಾಲಿಗೆ ಕೈ ಚಾಚಿದೆ. ದೊಡ್ಡ ದೊಡ್ಡ ಆಟಗಾರರ ಆಟಗಳನ್ನು ಬಗೆದು ನೋಡುವ ಹೊಸ ಪುಸ್ತಕ ಬಂದಿತ್ತು. ಒಂದೊಂದು ನಡೆಗೆ ಎರಡು ಪುಟ ವಿಶ್ಲೇಷಣೆ, ಇರುವೆ ಸಾಲಿನಂಥ ಅಕ್ಷರ. ನನಗೇ ಹತ್ತು ಪುಟ ದಾಟಲಾಗಿರಲಿಲ್ಲ. ಅದನ್ನು ಅವರ ಎಡಗೈಗೆ ಇಟ್ಟೆ. ಒಂದು ಪುಟವೂ ತಿಳಿಯದೆ, ಪುಸ್ತಕದ ಮುಂದೆ ಮಂಕಾಗಿ ಕೂರುವುದೆಂದರೇನೆಂದು ಅವರಿಗೂ ಗೊತ್ತಾಗಲಿ ಎಂದು. ಬೇಕೆಂದೇ ಕೊಟ್ಟೆ. ಅವರು ಅದನ್ನು ಎದೆಗೊತ್ತಿಕೊಂಡು ಹೋದರು. ಹದಿನೈದು ದಿನಕ್ಕೊಮ್ಮೆ ಮಗಳು ಬಂದು ಅವಧಿ ಮುಂದುವರಿಸಿಕೊಂಡು ಹೋಗುತ್ತಿದ್ದಳು. ಪ್ರತಿ ಸಲ ಮುದ್ರೆ ಒತ್ತುವಾಗ ನನ್ನೊಳಗೊಂದು ತಣ್ಣನೆಯ ಖುಷಿ ಏಳುತ್ತಿತ್ತು. ಹೇಗಿದ್ದಾರೆಂದು ಒಮ್ಮೆಯೂ ಕೇಳಲಿಲ್ಲ.

ಅವರ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಮಗಳು ಪುಸ್ತಕ ವಾಪಸು ತಂದಳು. ಮೇಜಿನ ಮೇಲಿಟ್ಟಳು.

"ಕಾಯಿಲೆ ಬಿದ್ಮೇಲೆ ನೋಡಕ್ಕೆ ಬಂದೋರೆಲ್ಲ ಅಪ್ಪಂಗೆ ಮಕ್ಕಳ ಪುಸ್ತಕ ತಂದ್ಕೊಡೋರು ಮೇಡಂ. ಬಣ್ಣಬಣ್ಣದ್ದು, ಕುದುರೆಗೆ ನಗೋ ಮುಖ ಬರೆದಿರೋದು. ಅಪ್ಪ ಗೋಡೆ ಕಡೆ ತಿರುಗಿ ಮಲ್ಕೊಂಡ್ಬಿಡೋರು. ನೀವೊಬ್ರೇ ಅವರನ್ನ ಇನ್ನೂ ಆಟಗಾರ ಅಂತ ನೋಡಿದ್ದು. ಇದು ಅರ್ಥ ಆಗ್ತಿತ್ತೋ ಇಲ್ವೋ, ನಂಗೊತ್ತಿಲ್ಲ. ಆದ್ರೆ ದಿನಾ ಬೆಳಿಗ್ಗೆ ಶೇವ್ ಮಾಡಿಸ್ಕೊಂಡು ಇದ್ರ ಮುಂದೆ ಕೂರೋರು. 'ಆ ಮೇಡಂ ನನ್ನನ್ನ ಸೋಲಿಸಿದಾರೆ ಕಣೇ, ನಂಗೆ ಯಾವ್ದು ಸರಿ ಅಂತ ಅವರಿಗೆ ಗೊತ್ತು' ಅಂತಿದ್ರು."

ಅಂದರೆ ಅವರು ನನ್ನನ್ನು ಗುರುತಿಸಿದ್ದರು.

ಹೇಳಿಬಿಡಬಹುದಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೇಜು ಬಳಸಿ ಬಂದು ನನ್ನ ಕಾಲಿಗೆ ಬಗ್ಗಿದಳು. ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡು, "ಅಯ್ಯೋ, ಬೇಡಮ್ಮ, ಏಳು" ಎಂದೆ. ನಿಜ ಹೇಳುವ ಬದಲು ಪುಸ್ತಕ ವಾಪಸು ಬಂದ ದಿನದ ಮುದ್ರೆ ಒತ್ತಿದೆ. ನಾನು ಇಷ್ಟು ವರ್ಷ ಮಾಡಿದ್ದರಲ್ಲಿ ಮನಸಾರೆ, ಪೂರ್ತಿ ಕೆಟ್ಟತನದಿಂದ ತೀರಿಸಿಕೊಂಡ ಸೇಡು ಅದೊಂದೇ. ಅದನ್ನೂ ಆ ಮನುಷ್ಯ ಮರ್ಯಾದೆಯೆಂದು ತೆಗೆದುಕೊಂಡು ಹೊರಟುಹೋದರು. ಪುಟ ಕತ್ತರಿಸಿದ್ದನ್ನು ಒಂದು ದಿನ ಮರೆತೇನು. ಇದಕ್ಕೆ ಮಾತ್ರ ನಾನು ಅವರನ್ನು ಕ್ಷಮಿಸಲಾರೆ.